ಎಲಾಸ್ಟಿಕ್ ಡಿಕ್ಕಿಯ ಲೆಕ್ಕ: ಉದ್ದನೆಯ ಸೂತ್ರ ಬಾಯಿಪಾಠ ಮಾಡದೆ ಬಿಡಿಸುವುದು ಹೇಗೆ?

ಎರಡು ಚೆಂಡು ಎದುರುಬದುರು ಬಂದು ಗುದ್ದುತ್ತವೆ. ಗುದ್ದಿದ ಮೇಲೆ ಯಾವುದು ಎತ್ತ ಹೋಗುತ್ತದೆ? ಎಷ್ಟು ವೇಗದಲ್ಲಿ? ಭೌತಶಾಸ್ತ್ರ ಓದುವ ಯಾರೂ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ.

ನಾನೂ ತಪ್ಪಿಸಿಕೊಳ್ಳಲಿಲ್ಲ. ಓದುವ ಕಾಲದಲ್ಲಿ ಇದಕ್ಕೆಂದೇ ಒಂದು ಉದ್ದನೆಯ ಸೂತ್ರ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯ ದಿನ ಅದರ ನಡುವೆ ಇರುವುದು ಕೂಡುವ ಚಿಹ್ನೆಯೋ ಕಳೆಯುವ ಚಿಹ್ನೆಯೋ ಎಂಬುದೇ ಮರೆತುಹೋಯಿತು. ಸರಿ, ಬುಡದಿಂದಲೇ ಬಿಡಿಸೋಣ ಅಂತ ಕೂತೆ. ವರ್ಗ ಸಮೀಕರಣ ಬಂತು. ಎರಡು ಪುಟ ತುಂಬಿತು. ಕೊನೆಗೆ ಸಿಕ್ಕ ಉತ್ತರ ನೋಡಿದರೆ, ಚೆಂಡಿನ ವೇಗ ಮೊದಲು ಎಷ್ಟಿತ್ತೋ ಅಷ್ಟೇ! ಡಿಕ್ಕಿಯೇ ಆಗಿಲ್ಲವೇನೋ ಅನ್ನುವ ಹಾಗೆ. ಗಾಬರಿಯಾಗಿ ಎರಡೂ ಪುಟಕ್ಕೆ ಅಡ್ಡಗೆರೆ ಎಳೆದುಬಿಟ್ಟೆ. ಆ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ ಎಂದು ಗೊತ್ತಾಗಿದ್ದು ಬಹಳ ದಿನದ ಮೇಲೆ. ಯಾಕೆ ಅಂತ ಮೂರನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಇಲ್ಲಿ ಆ ಉದ್ದನೆಯ ಸೂತ್ರ ಬರುವುದಿಲ್ಲ. ಎರಡು ಸರಳ ಸಾಲು ಸಾಕು. ಕೈಯಲ್ಲಿ ಪೆನ್ಸಿಲ್, ಹಾಳೆ ಇಟ್ಟುಕೊಂಡು ಜೊತೆಗೇ ಬರೆಯುತ್ತಾ ಬನ್ನಿ.

ಉಳಿಯುವುದು ಏನು, ಯಾಕೆ?

ಚೆಂಡಿನ ದ್ರವ್ಯರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಸಿಗುವುದು ಸಂವೇಗ. ಡಿಕ್ಕಿಯ ಮೊದಲು ಎರಡೂ ಚೆಂಡುಗಳ ಸಂವೇಗ ಕೂಡಿ. ಡಿಕ್ಕಿಯ ಆಮೇಲೆ ಮತ್ತೆ ಕೂಡಿ. ಎರಡೂ ಒಂದೇ. ಇದು ಸಂವೇಗ ಸಂರಕ್ಷಣೆ.

ಕಾರಣ ನ್ಯೂಟನ್ನನ ಮೂರನೇ ನಿಯಮದಲ್ಲೇ ಇದೆ. ಮೊದಲ ಚೆಂಡು ಎರಡನೆಯದನ್ನು ಎಷ್ಟು ಬಲದಿಂದ ತಳ್ಳುತ್ತದೋ ಎರಡನೆಯದು ಮೊದಲನೆಯದನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಒಂದಕ್ಕೊಂದು ತಾಗಿಕೊಂಡಿರುವ ಹೊತ್ತೂ ಇಬ್ಬರಿಗೂ ಒಂದೇ. ಹಾಗಾಗಿ ಒಂದು ಕಳೆದುಕೊಂಡ ಸಂವೇಗ ಇನ್ನೊಂದರ ಜೇಬಿಗೆ ಬೀಳುತ್ತದೆ. ನೆಲದ ಉಜ್ಜಾಟ ಇದ್ದರೂ, ತಾಗುವ ಹೊತ್ತು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ. ಅಷ್ಟರಲ್ಲಿ ಉಜ್ಜಾಟ ಹೇಳಿಕೊಳ್ಳುವಂಥದ್ದೇನನ್ನೂ ಕದಿಯಲಾರದು.

ಎರಡನೆಯದು ಚಲನಶಕ್ತಿ: ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಬರುವುದು. ಇದು ಎಲ್ಲ ಡಿಕ್ಕಿಯಲ್ಲೂ ಉಳಿಯುವುದಿಲ್ಲ. ಎರಡು ಜೇಡಿಮಣ್ಣಿನ ಉಂಡೆ ಗುದ್ದಿಸಿ ನೋಡಿ, ಪಚ್ಚನೆ ಅಂಟಿಕೊಳ್ಳುತ್ತವೆ. ಸಂವೇಗ ಉಳಿದಿರುತ್ತದೆ, ಚಲನಶಕ್ತಿ ಮಣ್ಣನ್ನು ಹಿಸುಕುವುದರಲ್ಲಿ ಕಳೆದುಹೋಗಿರುತ್ತದೆ. ಉಕ್ಕಿನ ಗುಂಡು, ಗಾಜಿನ ಗೋಲಿ ಹಾಗಲ್ಲ. ಅವು ಕ್ಷಣಕಾಲ ಚಪ್ಪಟೆಯಾಗಿ, ಸ್ಪ್ರಿಂಗ್ ಹಾಗೆ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತವೆ. ಚಪ್ಪಟೆಯಾಗುವಾಗ ಒಳಗೆ ಸೇರಿದ ಶಕ್ತಿಯನ್ನು ಹೆಚ್ಚುಕಡಿಮೆ ಪೂರ್ತಿ ವಾಪಸ್ ಕೊಡುತ್ತವೆ. ಪೂರ್ತಿ ವಾಪಸ್ ಕೊಟ್ಟರೆ ಅದು ಎಲಾಸ್ಟಿಕ್ ಡಿಕ್ಕಿ. ಪುಸ್ತಕದಲ್ಲಿ ಸ್ಥಿತಿಸ್ಥಾಪಕ ಡಿಕ್ಕಿ ಎಂದಿರುತ್ತದೆ, ವಿಷಯ ಅದೇ. 'ಟಕ್' ಅಂತ ಶಬ್ದ ಕೇಳಿಸಿತು ಅಂದರೆ ಒಂಚೂರು ಶಕ್ತಿ ಆಗಲೇ ಕೈಬಿಟ್ಟಿತು ಅಂತಲೇ ಲೆಕ್ಕ. ಹಾಗಾಗಿ ನೂರಕ್ಕೆ ನೂರು ಎಲಾಸ್ಟಿಕ್ ಡಿಕ್ಕಿ ನಮ್ಮ ಮೇಜಿನ ಮೇಲೆ ಸಿಗುವುದಿಲ್ಲ. ಅಣುಗಳು, ಇನ್ನೂ ಚಿಕ್ಕ ಕಣಗಳ ಮಟ್ಟಕ್ಕೆ ಇಳಿದರೆ ಸಿಗುತ್ತದೆ.

ನಿಮ್ಮ ಹತ್ತಿರ ಇರುವ ಚೆಂಡು ಎಷ್ಟು ಎಲಾಸ್ಟಿಕ್ ಅಂತ ನೋಡಬೇಕಾ? ಗಟ್ಟಿ ನೆಲದ ಮೇಲೆ 100 ಸೆಂಟಿಮೀಟರ್ ಎತ್ತರದಿಂದ ಸುಮ್ನೆ ಬಿಡಿ, ತಳ್ಳಬೇಡಿ. ಅದು 81 ಸೆಂಟಿಮೀಟರ್‌ವರೆಗೆ ಪುಟಿದರೆ ಶೇ. 81 ಶಕ್ತಿ ಉಳಿಯಿತು ಎಂದರ್ಥ. ಎತ್ತರವು ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ವೇಗ ಉಳಿದದ್ದು ಶೇ. 90.

ಹೆಜ್ಜೆ 1: ಬಾಣ ಹಾಕಿ

ನಮ್ಮ ಲೆಕ್ಕ ಇದು. 2 ಕೆ.ಜಿ.ಯ ದೊಡ್ಡ ಗುಂಡು ಬಲಕ್ಕೆ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹೋಗುತ್ತಿದೆ. ಎದುರಿನಿಂದ 1 ಕೆ.ಜಿ.ಯ ಚಿಕ್ಕ ಗುಂಡು ಎಡಕ್ಕೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬರುತ್ತಿದೆ. ನೇರವಾಗಿ ಗುದ್ದುತ್ತವೆ. ಡಿಕ್ಕಿ ಎಲಾಸ್ಟಿಕ್.

ಸಂಖ್ಯೆ ಕಂಡ ಕೂಡಲೇ ಗುಣಿಸಲು ಹೋಗಬೇಡಿ. ಒಂದು ಗೆರೆ ಎಳೆಯಿರಿ. ಬಲಕ್ಕೆ ಬಾಣ ಹಾಕಿ 'ಇದು ಪ್ಲಸ್' ಎಂದು ಬರೆಯಿರಿ. ಈಗ ದೊಡ್ಡದರ ವೇಗ +4, ಚಿಕ್ಕದರ ವೇಗ −5. ಆ ಮೈನಸ್ ಈ ಇಡೀ ಲೆಕ್ಕದ ಜೀವ. ಅದನ್ನು ಬಿಟ್ಟರೆ ಏನಾಗುತ್ತದೆ ಅಂತ ಆಮೇಲೆ ನೋಡೋಣ, ಮಜವಾಗಿದೆ.

ಡಿಕ್ಕಿಯಾದ ಮೇಲಿನ ವೇಗ ಗೊತ್ತಿಲ್ಲ. ದೊಡ್ಡದಕ್ಕೆ 'ದ', ಚಿಕ್ಕದಕ್ಕೆ 'ಚ' ಎಂದು ಹೆಸರಿಡಿ. ಯಾವುದು ಎತ್ತ ಹೋಗಬಹುದು ಅಂತ ಮೊದಲೇ ಊಹಿಸಿ ಚಿಹ್ನೆ ಹಾಕುವ ಅಗತ್ಯ ಇಲ್ಲ. ಹಿಂದಕ್ಕೆ ಬಂದರೆ ಮೈನಸ್ ತಾನಾಗಿಯೇ ಬರುತ್ತದೆ.

ಹೆಜ್ಜೆ 2: ಸಂವೇಗದ ಸಾಲು

ಮೊದಲು ಇದ್ದದ್ದು: 2 × 4 + 1 × (−5) = 8 − 5 = 3
ಆಮೇಲೆ ಇರುವುದು: 2ದ + ಚ

ಅಂದರೆ, 2ದ + ಚ = 3. ಮೊದಲ ಸಾಲು ಸಿಕ್ಕಿತು.

ಹೆಜ್ಜೆ 3: ಶಕ್ತಿಯ ಸಾಲನ್ನು ಪಳಗಿಸುವುದು

ನಾನು ಎರಡು ಪುಟ ಹಾಳು ಮಾಡಿದ್ದು ಇಲ್ಲೇ. ಶಕ್ತಿಯ ಸಾಲನ್ನು ಇದ್ದಹಾಗೇ ಬರೆದರೆ ವರ್ಗಗಳ ಸಂತೆ. ಎಲ್ಲ ಕಡೆ ಇರುವ ಅರ್ಧವನ್ನು ಹೊಡೆದುಹಾಕಿ ಬರೆಯೋಣ:

2 × 16 + 1 × 25 = 2ದ² + ಚ²

ಈಗ ಬಿಡಿಸುವ ಆತುರ ಬೇಡ. ದೊಡ್ಡದಕ್ಕೆ ಸಂಬಂಧಿಸಿದ್ದೆಲ್ಲ ಒಂದು ಕಡೆ, ಚಿಕ್ಕದರದ್ದೆಲ್ಲ ಇನ್ನೊಂದು ಕಡೆ ತನ್ನಿ. ಸಂವೇಗದ ಸಾಲನ್ನೂ ಹಾಗೇ ಮಾಡಿ:

ಶಕ್ತಿ: 2(16 − ದ²) = ಚ² − 25
ಸಂವೇಗ: 2(4 − ದ) = ಚ + 5

ಮೇಲಿನ ಸಾಲಿನ ಎರಡೂ ಬದಿ 'ವರ್ಗಗಳ ವ್ಯತ್ಯಾಸ'. ಒಡೆದು ಬರೆದರೆ:

2(4 − ದ)(4 + ದ) = (ಚ + 5)(ಚ − 5)

ಕಂಡಿತಾ? ಸಂವೇಗದ ಸಾಲು ಇದರೊಳಗೇ ಕೂತಿದೆ. ಅದರಿಂದ ಭಾಗಿಸಿದರೆ ಉಳಿಯುವುದು ಇಷ್ಟೇ:

4 + ದ = ಚ − 5, ಅಂದರೆ ಚ − ದ = 9

ಈ 9 ಎಲ್ಲಿಂದ ಬಂತು? ಗುದ್ದುವ ಮೊದಲು ಒಂದು 4ರಲ್ಲಿ, ಇನ್ನೊಂದು 5ರಲ್ಲಿ ಎದುರುಬದುರು ಬರುತ್ತಿದ್ದವು. ಅವುಗಳ ನಡುವಿನ ಅಂತರ ಸೆಕೆಂಡಿಗೆ 9 ಮೀಟರ್ ಲೆಕ್ಕದಲ್ಲಿ ಕಡಿಮೆಯಾಗುತ್ತಿತ್ತು. ಗುದ್ದಿದ ಮೇಲೆ ಅದೇ 9ರ ಲೆಕ್ಕದಲ್ಲಿ ಅಂತರ ಬೆಳೆಯುತ್ತದೆ. ಹತ್ತಿರ ಬಂದ ವೇಗದಲ್ಲೇ ದೂರ ಹೋಗುತ್ತವೆ. ಎಲ್ಲ ನೇರ ಎಲಾಸ್ಟಿಕ್ ಡಿಕ್ಕಿಗೂ ಈ ಮಾತು ನಿಜ, ದ್ರವ್ಯರಾಶಿ ಎಷ್ಟೇ ಇರಲಿ. ಒಮ್ಮೆ ಇದು ಮನಸ್ಸಿಗೆ ಹತ್ತಿದರೆ ಮುಂದಿನ ಸಲ ವರ್ಗ, ಅಪವರ್ತನ ಯಾವುದೂ ಬೇಡ. ಸೀದಾ 'ಚ − ದ = 9' ಎಂದೇ ಬರೆಯಬಹುದು.

ಈಗ ನನ್ನ ಹಳೆಯ ಪರೀಕ್ಷೆಯ ವಿಷಯ. ಭಾಗಿಸುವಾಗ ನಾವು ಸದ್ದಿಲ್ಲದೆ ಒಂದು ಉತ್ತರವನ್ನು ಆಚೆ ಹಾಕಿದೆವು. ದ = 4, ಚ = −5 ಎಂದಾದರೂ ಆ ಎರಡು ಸಾಲೂ ಸರಿಹೋಗುತ್ತವೆ, ಎರಡೂ ಬದಿ ಸೊನ್ನೆ. ಅದು ಡಿಕ್ಕಿಯೇ ಆಗದಿದ್ದಾಗಿನ ಉತ್ತರ. ಪಾಪ, ಸಮೀಕರಣಕ್ಕೆ ಗುಂಡುಗಳು ಗುದ್ದಿದವೋ ಪಕ್ಕದಲ್ಲಿ ಹಾದುಹೋದವೋ ಹೇಗೆ ಗೊತ್ತಾಗಬೇಕು? ಅದಕ್ಕೆ ಗೊತ್ತಿರುವುದು ಮೊದಲಿನ ಮೊತ್ತ, ಆಮೇಲಿನ ಮೊತ್ತ ಅಷ್ಟೇ. ವರ್ಗ ಸಮೀಕರಣದ ಎರಡು ಉತ್ತರದಲ್ಲಿ ಒಂದು ಯಾವಾಗಲೂ ಇದೇ. ನಾನು ಅಡ್ಡಗೆರೆ ಎಳೆದದ್ದು ಇದರ ಮೇಲೆ. ಇನ್ನೊಂದು ಉತ್ತರ ಬರೆದಿದ್ದರೆ ಪೂರ್ತಿ ಅಂಕ ಬರುತ್ತಿತ್ತು.

ಹೆಜ್ಜೆ 4: ಬಿಡಿಸಿ

ಎರಡು ಸಾಲು: 2ದ + ಚ = 3, ಚ = ದ + 9. ಎರಡನೆಯದನ್ನು ಮೊದಲನೆಯದರಲ್ಲಿ ಹಾಕಿದರೆ 3ದ + 9 = 3. ಹಾಗಾಗಿ ದ = −2, ಚ = 7.

ದೊಡ್ಡ ಗುಂಡು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಎಡಕ್ಕೆ ವಾಪಸ್ ಬರುತ್ತದೆ. ಚಿಕ್ಕದು 7 ಮೀಟರ್ ವೇಗದಲ್ಲಿ ಬಲಕ್ಕೆ ಚಿಮ್ಮುತ್ತದೆ.

ಹೆಜ್ಜೆ 5: ತಾಳೆ ನೋಡುವುದು, ಎರಡು ಸಲ

ಮೊದಲ ತಾಳೆ ಶಕ್ತಿಯದ್ದು. ಡಿಕ್ಕಿಗೆ ಮೊದಲು 16 + 12.5 = 28.5 ಜೂಲ್. ಆಮೇಲೆ 4 + 24.5 = 28.5 ಜೂಲ್. ಸರಿಹೋಯಿತು.

ಇಷ್ಟಕ್ಕೇ ನಿಲ್ಲಿಸುವವರೇ ಜಾಸ್ತಿ. ನಿಲ್ಲಿಸಬೇಡಿ. ಮೈನಸ್ ಮರೆತ ಹುಡುಗನೊಬ್ಬನ ಲೆಕ್ಕ ನೋಡೋಣ. ಅವನು ಚಿಕ್ಕದರ ವೇಗವನ್ನು ಎಲ್ಲ ಕಡೆ +5 ಎಂದೇ ಬರೆದ. ಸಂವೇಗ 8 + 5 = 13. ಹತ್ತಿರ ಬರುವ ವೇಗ 4 − 5 = −1, ಹಾಗಾಗಿ ಚ − ದ = −1. ಬಿಡಿಸಿದರೆ ದ = 4.67, ಚ = 3.67. ಶಕ್ತಿ ತಾಳೆ ನೋಡಿದ: 21.78 + 6.72 = 28.5. ಸರಿಯಾಗೇ ಇದೆಯಲ್ಲ!

ಹೇಗೆ? ಶಕ್ತಿಯಲ್ಲಿ ವೇಗದ ವರ್ಗ ಇರುತ್ತದೆ. −5ರ ವರ್ಗವೂ 25, +5ರ ವರ್ಗವೂ 25. ಶಕ್ತಿಗೆ ದಿಕ್ಕೇ ಕಾಣುವುದಿಲ್ಲ. ದಿಕ್ಕು ಕಾಣದವನ ಹತ್ತಿರ ದಿಕ್ಕಿನ ತಪ್ಪಿಗೆ ಸಾಕ್ಷಿ ಕೇಳಿದರೆ ಅವನು ಏನು ಹೇಳಿಯಾನು?

ಅದಕ್ಕೇ ಎರಡನೇ ತಾಳೆ: ಉತ್ತರವನ್ನು ಚಿತ್ರ ಮಾಡಿ ನೋಡುವುದು. ಆ ಹುಡುಗನ ಉತ್ತರದಲ್ಲಿ ಎರಡೂ ಬಲಕ್ಕೆ ಹೋಗುತ್ತಿವೆ. ಹಿಂದೆ ಇರುವ ದೊಡ್ಡದು 4.67ರಲ್ಲಿ, ಮುಂದೆ ಇರುವ ಚಿಕ್ಕದು 3.67ರಲ್ಲಿ. ಅಂದರೆ ದೊಡ್ಡದು ಚಿಕ್ಕದರ ಹೊಟ್ಟೆಯೊಳಗಿಂದಲೇ ತೂರಿಕೊಂಡು ಹೋಗಬೇಕು. ಸಾಧ್ಯವಿಲ್ಲ, ಅಲ್ವಾ? ಡಿಕ್ಕಿಯಾದ ಮೇಲೆ ಬಲಗಡೆ ಇರುವುದರ ವೇಗ ಎಡಗಡೆಯದಕ್ಕಿಂತ ಜಾಸ್ತಿ ಇರಲೇಬೇಕು. ಅವನು ಕೊಟ್ಟ ಪ್ರಶ್ನೆಯೂ ವಿಚಿತ್ರವೇ: 4ರಲ್ಲಿ ಹೋಗುವ ಗುಂಡು, ಮುಂದೆ 5ರಲ್ಲಿ ಓಡುತ್ತಿರುವ ಗುಂಡನ್ನು ಯಾವತ್ತೂ ಮುಟ್ಟುವುದಿಲ್ಲ.

ಇನ್ನೊಬ್ಬಳು ಅರ್ಧ ಮಾತ್ರ ಮರೆತಳು. ಹತ್ತಿರ ಬರುವ ವೇಗ 9 ಎಂದು ಸರಿಯಾಗಿ ಬರೆದು, ಸಂವೇಗವನ್ನು ಮಾತ್ರ 13 ಎಂದಳು. ಅವಳಿಗೆ ಬಂದದ್ದು ದ = 1.33, ಚ = 10.33. ಶಕ್ತಿ ಸುಮಾರು 55.2 ಜೂಲ್! ಶೂನ್ಯದಿಂದ 26 ಜೂಲ್‌ಗೂ ಜಾಸ್ತಿ ಹುಟ್ಟಿಸಿಬಿಟ್ಟಳು. ಈ ತಪ್ಪನ್ನು ಶಕ್ತಿಯ ತಾಳೆ ಹಿಡಿದುಹಾಕುತ್ತದೆ. ಹಾಗಾಗಿ ಎರಡೂ ತಾಳೆ ಬೇಕು.

ಈ ಚಿಹ್ನೆಯ ತಪ್ಪು ಮಾಡಿದವರು ಸಾಮಾನ್ಯರಲ್ಲ. ಫ್ರಾನ್ಸಿನ ರೆನೆ ಡೇಕಾರ್ಟ್ 1644ರಲ್ಲಿ ಡಿಕ್ಕಿಯ ನಿಯಮಗಳನ್ನು ಪ್ರಕಟಿಸಿದಾಗ ವೇಗದ ದಿಕ್ಕನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನಿಂತಿರುವ ದೊಡ್ಡ ವಸ್ತುವಿಗೆ ಚಿಕ್ಕದು ಎಷ್ಟೇ ಜೋರಾಗಿ ಗುದ್ದಿದರೂ ದೊಡ್ಡದು ಅಲುಗುವುದಿಲ್ಲ ಎಂಬುದು ಅವರ ನಿಯಮಗಳಲ್ಲಿ ಒಂದು. ದೊಡ್ಡ ಗೋಲಿಗೆ ಚಿಕ್ಕ ಗೋಲಿ ಹೊಡೆದು ನೋಡಿದ ಯಾವ ಮಗುವೂ ಇದನ್ನು ಒಪ್ಪುವುದಿಲ್ಲ. 1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಈ ವಿಷಯ ಇತ್ಯರ್ಥ ಮಾಡಿಕೊಡಿ ಎಂದು ಕೇಳಿಕೊಂಡಾಗ ಜಾನ್ ವಾಲಿಸ್, ಕ್ರಿಸ್ಟಫರ್ ರೆನ್, ಕ್ರಿಸ್ಟಿಯಾನ್ ಹೈಗನ್ಸ್ ಉತ್ತರ ಕಳಿಸಿದರು. ದಿಕ್ಕಿಗೆ ಅದರ ಜಾಗ ಸಿಕ್ಕಿತು.

ಗುದ್ದಿದ ಕ್ಷಣದ ನಡುವೆ

'ಚಲನಶಕ್ತಿ ಉಳಿಯುತ್ತದೆ' ಎಂದಾಗ ಡಿಕ್ಕಿಯ ಉದ್ದಕ್ಕೂ ಅಷ್ಟೇ ಇರುತ್ತದೆ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ನಮ್ಮ ಗುಂಡುಗಳನ್ನೇ ನಿಧಾನ ಚಲನೆಯಲ್ಲಿ ನೋಡೋಣ.

ತಾಗಿದ ಕೂಡಲೇ ಎರಡರ ಮೈಯೂ ಒತ್ತಿಕೊಳ್ಳಲು ಶುರು. ದೊಡ್ಡದರ ವೇಗ 4ರಿಂದ ಇಳಿಯುತ್ತದೆ. ಚಿಕ್ಕದರದ್ದು −5ರಿಂದ ಮೇಲಕ್ಕೆ ಬರುತ್ತದೆ. ಒತ್ತಡ ಅತಿ ಹೆಚ್ಚಾದ ಕ್ಷಣದಲ್ಲಿ ಎರಡೂ ಒಂದೇ ವೇಗದಲ್ಲಿ, ಜೋಡಿಯಾಗಿ ಸಾಗುತ್ತಿರುತ್ತವೆ. ಆ ವೇಗ ಎಷ್ಟು? ಒಟ್ಟು ಸಂವೇಗ 3, ಒಟ್ಟು ದ್ರವ್ಯರಾಶಿ 3 ಕೆ.ಜಿ. ಹಾಗಾಗಿ ಸೆಕೆಂಡಿಗೆ 1 ಮೀಟರ್. ಆಗಿನ ಚಲನಶಕ್ತಿ ಬರೀ 1.5 ಜೂಲ್. ಉಳಿದ 27 ಜೂಲ್ ಎಲ್ಲಿ? ಒತ್ತಿದ ಸ್ಪ್ರಿಂಗಿನಲ್ಲಿರುವ ಹಾಗೆ ಗುಂಡುಗಳ ಮೈಯೊಳಗೆ. ಮರುಕ್ಷಣ ಅದು ಬಿಚ್ಚಿಕೊಂಡು ಎರಡನ್ನೂ ಬೇರೆಬೇರೆ ಕಡೆ ತಳ್ಳುತ್ತದೆ. 28.5, ನಡುವೆ 1.5, ಮತ್ತೆ 28.5. ಸಂವೇಗ ಮಾತ್ರ ಪ್ರತಿ ಕ್ಷಣವೂ 3.

ಜೇಡಿಮಣ್ಣಿನ ಉಂಡೆಗಳು ಈ ನಡುವಿನ ಕ್ಷಣದಲ್ಲೇ ನಿಂತುಬಿಡುತ್ತವೆ. ಅವುಗಳ ಕಥೆ 1.5ಕ್ಕೆ ಮುಗಿಯಿತು.

ಕನ್ನಡಿ ದಾರಿ: ಒಂದೇ ಸಾಲಿನಲ್ಲಿ ಉತ್ತರ

ಆ ನಡುವಿನ ವೇಗ ಇದೆಯಲ್ಲ, ಸೆಕೆಂಡಿಗೆ 1 ಮೀಟರ್, ಅದು ಬಹಳ ಉಪಯೋಗಕ್ಕೆ ಬರುತ್ತದೆ. ನೀವು ಅದೇ ವೇಗದಲ್ಲಿ ಗುಂಡುಗಳ ಪಕ್ಕದಲ್ಲಿ ನಡೆಯುತ್ತಿದ್ದೀರಿ ಎಂದುಕೊಳ್ಳಿ. ನಿಮ್ಮ ಕಣ್ಣಿಗೆ ದೊಡ್ಡದು 3ರಲ್ಲಿ ಬರುತ್ತದೆ, ಚಿಕ್ಕದು −6ರಲ್ಲಿ. ಸಂವೇಗ 6 ಮತ್ತು −6, ಒಟ್ಟು ಸೊನ್ನೆ. ಇಲ್ಲಿ ಡಿಕ್ಕಿ ಅಂದರೆ ಬರೀ ತಿರುಗಿಕೊಳ್ಳುವುದು: 3 ಇದ್ದದ್ದು −3, −6 ಇದ್ದದ್ದು 6. ಬೇರೆ ಯಾವ ಉತ್ತರವೂ ಎರಡೂ ನಿಯಮಕ್ಕೆ ಹೊಂದುವುದಿಲ್ಲ. ಈಗ ನಡೆಯುವುದು ನಿಲ್ಲಿಸಿ 1 ಕೂಡಿಸಿ: −2 ಮತ್ತು 7. ಮೊದಲು ಬಂದ ಉತ್ತರವೇ!

ಒಂದೇ ಸಾಲಿನಲ್ಲಿ ಹೇಳಬೇಕೆಂದರೆ: ಆಮೇಲಿನ ವೇಗ = ನಡುವಿನ ವೇಗದ ಎರಡರಷ್ಟು − ಮೊದಲಿನ ವೇಗ. ದೊಡ್ಡದಕ್ಕೆ 2 − 4 = −2. ಚಿಕ್ಕದಕ್ಕೆ 2 − (−5) = 7. ನನಗೆ ಈಗ ಲೆಕ್ಕ ಕೊಟ್ಟರೆ ನಾನು ಇದನ್ನೇ ಮಾಡುತ್ತೇನೆ. ಪರೀಕ್ಷೆಯಲ್ಲಿ ಹೆಜ್ಜೆ ತೋರಿಸಬೇಕಾದರೆ ಮೇಲಿನ ಉದ್ದನೆಯ ದಾರಿ, ಉತ್ತರ ತಾಳೆ ನೋಡಲು ಈ ಗಿಡ್ಡ ದಾರಿ.

ಇದರ ಹಿಂದಿನ ಯೋಚನೆ ಹೈಗನ್ಸ್ ಅವರದ್ದು. 1650ರ ದಶಕದಲ್ಲೇ ಅವರು ದಡದ ಪಕ್ಕ ತೇಲುವ ದೋಣಿಯೊಂದನ್ನು ಊಹಿಸಿಕೊಂಡಿದ್ದರು. ದೋಣಿಯಲ್ಲಿರುವವನು ಎರಡು ಗುಂಡು ಗುದ್ದಿಸುತ್ತಾನೆ, ದಡದಲ್ಲಿ ನಿಂತವನು ನೋಡುತ್ತಾನೆ. ಇಬ್ಬರಿಗೂ ಕಾಣುವ ವೇಗ ಬೇರೆ, ನಿಯಮ ಮಾತ್ರ ಒಂದೇ. ಒಬ್ಬನ ಕಣ್ಣಿಗೆ ಸುಲಭವಾಗಿ ಕಾಣುವ ಡಿಕ್ಕಿಯಿಂದ ಇನ್ನೊಬ್ಬನ ಕಷ್ಟದ ಡಿಕ್ಕಿಗೆ ಉತ್ತರ ತೆಗೆದರು.

ಕೈ ಪಳಗಲು ಎರಡು ಮೂರು ಉದಾಹರಣೆ ಬೇಗ ನೋಡಿಬಿಡೋಣ.

ಸಮ ತೂಕದ ಎರಡು ಗೋಲಿ, ಒಂದು ನಿಂತಿದೆ, ಇನ್ನೊಂದು 6ರಲ್ಲಿ ಬಂದು ಗುದ್ದುತ್ತದೆ. ನಡುವಿನ ವೇಗ 3. ಬಂದದ್ದಕ್ಕೆ 6 − 6 = 0, ನಿಂತದ್ದಕ್ಕೆ 6 − 0 = 6. ವೇಗ ಅದಲುಬದಲು.

ಕೇರಂ ಸ್ಟ್ರೈಕರ್ 15 ಗ್ರಾಂ, ಕಾಯಿನ್ 5 ಗ್ರಾಂ ಎಂದಿಟ್ಟುಕೊಳ್ಳಿ. ಸ್ಟ್ರೈಕರ್ 2ರಲ್ಲಿ ಬಂದರೆ ಒಟ್ಟು 30, ಭಾಗಿಸು 20, ನಡುವಿನ ವೇಗ 1.5. ಸ್ಟ್ರೈಕರ್‌ಗೆ 3 − 2 = 1, ಕಾಯಿನ್‌ಗೆ 3. ಹೊಡೆದ ಮೇಲೂ ಸ್ಟ್ರೈಕರ್ ಅರ್ಧ ವೇಗದಲ್ಲಿ ಹಿಂದೆಯೇ ಬರುವುದು ಇದಕ್ಕೇ. ಕಾಯಿನ್ ಜೊತೆಗೆ ಅದೂ ಪಾಕೆಟ್ಟಿಗೆ ಬಿದ್ದು ಎಷ್ಟು ಸಲ ಹೊಟ್ಟೆ ಉರಿದಿದೆಯೋ!

ಬ್ಯಾಸ್ಕೆಟ್‌ಬಾಲ್ ಮೇಲೆ ಟೆನಿಸ್ ಬಾಲ್ ಇಟ್ಟು ಎರಡನ್ನೂ ಒಟ್ಟಿಗೆ ಬೀಳಿಸಿ. ನೆಲ ಮುಟ್ಟುವಾಗ ಎರಡರದ್ದೂ ವೇಗ 3 ಎನ್ನಿ. ದೊಡ್ಡದು ನೆಲಕ್ಕೆ ಬಡಿದು ಮೇಲಕ್ಕೆ +3ರಲ್ಲಿ ತಿರುಗುತ್ತದೆ, ಚಿಕ್ಕದು ಇನ್ನೂ −3ರಲ್ಲಿ ಕೆಳಗೇ ಬರುತ್ತಿರುತ್ತದೆ. ದೊಡ್ಡದು ಬಹಳ ಭಾರ ಎಂದುಕೊಂಡರೆ ನಡುವಿನ ವೇಗ ಹೆಚ್ಚುಕಡಿಮೆ ಅದರದ್ದೇ, 3. ಚಿಕ್ಕದಕ್ಕೆ 6 − (−3) = 9. ವೇಗ ಮೂರು ಪಟ್ಟು, ಎತ್ತರ ಒಂಬತ್ತು ಪಟ್ಟು! ನಿಜವಾದ ಚೆಂಡುಗಳು ಅಷ್ಟು ಎತ್ತರ ಹಾರುವುದಿಲ್ಲ, ಆದರೆ ಮುಖದ ಹತ್ತಿರ ಮಾತ್ರ ಮಾಡಬೇಡಿ. ಗ್ರಹದ ಪಕ್ಕದಿಂದ ಹಾದು ವೇಗ ಪಡೆಯುವ ಗಗನನೌಕೆಗೂ ಇದೇ ಲೆಕ್ಕ, ಅಲ್ಲಿ ಮುಟ್ಟುವುದೇ ಇಲ್ಲ, ಗುರುತ್ವವೇ ಸ್ಪ್ರಿಂಗ್. 1977ರಲ್ಲಿ ಹೊರಟ ವಾಯೇಜರ್ 2 ಗುರು, ಶನಿ, ಯುರೇನಸ್‌ಗಳ ಸಹಾಯ ಪಡೆದು 1989ರಲ್ಲಿ ನೆಪ್ಚೂನ್ ತಲುಪಿದ್ದು ಹೀಗೆ.

ಓರೆಯಾಗಿ ತಾಗಿದರೆ

ನೇರ ಡಿಕ್ಕಿಯಲ್ಲಿ ಎರಡು ಅಜ್ಞಾತ, ಎರಡು ಸಾಲು. ಓರೆ ಡಿಕ್ಕಿಯಲ್ಲಿ ಅಜ್ಞಾತ ನಾಲ್ಕಾಗುತ್ತವೆ, ಸಾಲು ಮೂರೇ: ಉದ್ದದ ಸಂವೇಗ, ಅಡ್ಡದ ಸಂವೇಗ, ಶಕ್ತಿ. ಹಾಗಾಗಿ ಯಾವುದೋ ಒಂದು ಕೋನವನ್ನಾದರೂ ಪ್ರಶ್ನೆಯಲ್ಲಿ ಕೊಟ್ಟಿರಬೇಕು. ಕೊಟ್ಟಿಲ್ಲದಿದ್ದರೆ ತಪ್ಪು ನಿಮ್ಮದಲ್ಲ.

ಆದರೆ ಒಂದು ವಿಷಯ ಕೋನ ಕೊಡದೆಯೂ ಹೇಳಬಹುದು. ಸಮ ತೂಕದ ಎರಡು ಗುಂಡು, ಒಂದು ನಿಂತಿದೆ, ಇನ್ನೊಂದು ಓರೆಯಾಗಿ ತಾಗುತ್ತದೆ. ಆಮೇಲೆ ಅವೆರಡರ ದಾರಿಯ ನಡುವಿನ ಕೋನ ಯಾವಾಗಲೂ 90 ಡಿಗ್ರಿ. ದ್ರವ್ಯರಾಶಿ ಸಮ ಇರುವುದರಿಂದ ಸಂವೇಗದ ಸಾಲು ಬರೀ ವೇಗಗಳ ಬಾಣಗಳ ಸಾಲಾಗುತ್ತದೆ. ಎರಡು ಹೊಸ ಬಾಣ ತುದಿಗೆ ಬುಡ ಸೇರಿಸಿದರೆ ಹಳೆಯ ಬಾಣ, ಅಂದರೆ ಒಂದು ತ್ರಿಕೋನ. ಶಕ್ತಿಯ ಸಾಲು ಹೇಳುವುದು: ಹಳೆಯ ಬಾಣದ ವರ್ಗ, ಹೊಸ ಎರಡರ ವರ್ಗಗಳ ಮೊತ್ತಕ್ಕೆ ಸಮ. ಪೈಥಾಗರಸ್! ಲಂಬಕೋನ ಬಿಟ್ಟರೆ ಬೇರೆ ದಾರಿಯೇ ಇಲ್ಲ. 5ರಲ್ಲಿ ಬಂದ ಗುಂಡು 4ರಲ್ಲಿ ಒಂದು ಕಡೆ ಹೋದರೆ ಇನ್ನೊಂದು 3ರಲ್ಲಿ ಹೋಗಲೇಬೇಕು. ಬಿಲಿಯರ್ಡ್ಸ್ ಚೆಂಡುಗಳಲ್ಲಿ ಈ ಕೋನ ಸ್ವಲ್ಪ ಆಚೀಚೆ ಆಗುತ್ತದೆ, ಅವು ಜಾರುವುದರ ಜೊತೆಗೆ ಉರುಳುತ್ತಲೂ ಇರುತ್ತವಲ್ಲ.

ಮೂರು ಗುಂಡು ಬಂದರೆ ಹುಷಾರು

ನೂಲಿನಲ್ಲಿ ಸಾಲಾಗಿ ತೂಗುಹಾಕಿದ ಉಕ್ಕಿನ ಗುಂಡುಗಳ ಆಟಿಕೆ ನೋಡಿರುತ್ತೀರಿ, ನ್ಯೂಟನ್ ತೊಟ್ಟಿಲು. ಒಂದನ್ನು ಎಳೆದು ಬಿಟ್ಟರೆ ಆಚೆ ತುದಿಯಲ್ಲಿ ಒಂದೇ ಎದ್ದು ಹೋಗುತ್ತದೆ. ಎರಡು ಬಿಟ್ಟರೆ ಎರಡು. ಎರಡು ಬಿಟ್ಟಾಗ ಒಂದೇ ಗುಂಡು ದುಪ್ಪಟ್ಟು ವೇಗದಲ್ಲಿ ಯಾಕೆ ಹೋಗುವುದಿಲ್ಲ? ಸಂವೇಗ ಸರಿಹೋಗುತ್ತದೆ, ಆದರೆ ಶಕ್ತಿ ದುಪ್ಪಟ್ಟಾಗುತ್ತದೆ. ಆದ್ದರಿಂದ ಇಲ್ಲ.

'ಹಾಗಾದರೆ ಎರಡು ನಿಯಮದಿಂದಲೇ ತೊಟ್ಟಿಲಿನ ಆಟ ಪೂರ್ತಿ ಅರ್ಥವಾಯಿತು' ಎಂದು ತುಂಬ ಕಡೆ ಬರೆದಿರುತ್ತಾರೆ. ನಾನು ಒಪ್ಪುವುದಿಲ್ಲ. ಮೂರು ಸಮ ಗುಂಡು ತೆಗೆದುಕೊಳ್ಳಿ. ಒಂದು 3ರಲ್ಲಿ ಬಂದು, ತಾಗಿಕೊಂಡು ನಿಂತ ಎರಡಕ್ಕೆ ಗುದ್ದುತ್ತದೆ. ಬಂದದ್ದು −1ರಲ್ಲಿ ವಾಪಸ್, ಉಳಿದೆರಡೂ 2ರಲ್ಲಿ ಮುಂದಕ್ಕೆ ಹೋದರೆ? ಸಂವೇಗ −1 + 2 + 2 = 3, ಸರಿ. ವರ್ಗಗಳು 1 + 4 + 4 = 9, ಅದೂ ಸರಿ. ಎರಡು ನಿಯಮಕ್ಕೂ ತಕರಾರಿಲ್ಲ, ಆದರೂ ತೊಟ್ಟಿಲಿನಲ್ಲಿ ಹೀಗಾಗುವುದಿಲ್ಲ. ಗುಂಡುಗಳು ಒಟ್ಟಿಗೆ ಗುದ್ದುವುದಿಲ್ಲ, ಸರದಿಯಲ್ಲಿ ಗುದ್ದುತ್ತವೆ ಎಂದುಕೊಂಡಾಗ ಮಾತ್ರ ಸರಿ ಉತ್ತರ ಸಿಗುತ್ತದೆ: ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ವೇಗ ದಾಟಿಸುತ್ತದೆ. ಲೆಕ್ಕ ಮಾಡುವಾಗಲೂ ಹಾಗೇ ಮಾಡಿ. ಒಂದು ಸಲಕ್ಕೆ ಒಂದೇ ಜೋಡಿ.

ಕಾಣದ ಕಣವನ್ನು ತೂಗುವುದು

ಕೊನೆಯ ಲೆಕ್ಕ 1932ರದ್ದು. ಬೆರಿಲಿಯಂ ಎಂಬ ಲೋಹದ ಮೇಲೆ ಆಲ್ಫಾ ಕಣಗಳನ್ನು (ಹೀಲಿಯಂ ಪರಮಾಣುವಿನ ಬೀಜಗಳನ್ನು) ಹೊಡೆದಾಗ ಅದರಿಂದ ಏನೋ ಹೊರಬರುತ್ತಿತ್ತು. ವಿದ್ಯುದಾವೇಶ ಇಲ್ಲ, ಕಣ್ಣಿಗೆ ಬೀಳುವುದಿಲ್ಲ. ಕೇಂಬ್ರಿಜ್‌ನಲ್ಲಿದ್ದ ಜೇಮ್ಸ್ ಚಾಡ್ವಿಕ್‌ಗೆ ಅದರ ತೂಕ ಬೇಕಿತ್ತು. ಆ ಕಣ ಹೈಡ್ರೋಜನ್‌ಗೆ ಗುದ್ದಿದಾಗ ಅದರ ಬೀಜ, ಅಂದರೆ ಪ್ರೋಟಾನ್, ಚಿಮ್ಮುವ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 3.3 ಕೋಟಿ ಮೀಟರ್. ನೈಟ್ರೋಜನ್‌ಗೆ ಗುದ್ದಿದಾಗ ಅದು ಚಿಮ್ಮುವ ಗರಿಷ್ಠ ವೇಗ ಸುಮಾರು 47 ಲಕ್ಷ ಮೀಟರ್.

ಗರಿಷ್ಠ ವೇಗ ಅಂದರೆ ನೇರ ಡಿಕ್ಕಿ. ನಮ್ಮ ಕನ್ನಡಿ ದಾರಿ ಹಾಕಿ. ನಿಂತ ಕಣ ಚಿಮ್ಮುವ ವೇಗ, ನಡುವಿನ ವೇಗದ ಎರಡರಷ್ಟು. ಕಾಣದ ಕಣದ ದ್ರವ್ಯರಾಶಿಯನ್ನು 'ಕ' ಎನ್ನಿ, ಪ್ರೋಟಾನ್ 1, ನೈಟ್ರೋಜನ್ 14. ಎರಡೂ ಡಿಕ್ಕಿಯಲ್ಲಿ ಬಂದ ಸಂವೇಗ ಒಂದೇ. ಅದನ್ನು ಒಂದು ಕಡೆ ಕ + 1ರಿಂದ, ಇನ್ನೊಂದು ಕಡೆ ಕ + 14ರಿಂದ ಭಾಗಿಸಬೇಕು. ಎರಡು ವೇಗಗಳ ಅನುಪಾತ ತೆಗೆದರೆ ಕಾಣದ ಕಣದ ವೇಗ ಲೆಕ್ಕದಿಂದಲೇ ಹೊರಬೀಳುತ್ತದೆ, ಅದು ಗೊತ್ತಿರಬೇಕಾಗಿಯೂ ಇಲ್ಲ:

(ಕ + 14) ÷ (ಕ + 1) = 3.3 ಕೋಟಿ ÷ 47 ಲಕ್ಷ, ಅಂದರೆ ಸುಮಾರು 7

ಕ + 14 = 7ಕ + 7. ಹಾಗಾಗಿ 6ಕ = 7, ಕ ಸುಮಾರು 1.17. ದಶಮಾಂಶಗಳನ್ನು ನಮಗಿಂತ ಜೋಪಾನವಾಗಿ ಹಿಡಿದ ಚಾಡ್ವಿಕ್ 1.15 ಎಂದು ಬರೆದರು. ನೈಟ್ರೋಜನ್‌ನ ವೇಗದ ಅಳತೆಯಲ್ಲಿ ಶೇ. 10ರಷ್ಟು ಆಚೀಚೆ ಇರಬಹುದು ಎಂದೂ ಸೇರಿಸಿದರು. ಆ ಕಾಣದ ಕಣವೇ ನ್ಯೂಟ್ರಾನ್. ಇವತ್ತಿನ ಅಳತೆಯಲ್ಲಿ ಅದು ಪ್ರೋಟಾನ್‌ಗಿಂತ ಶೇ. 0.14ರಷ್ಟು ಮಾತ್ರ ಭಾರ.